ಬಾಟಲಿಯ ನೀರು ಚೆಲ್ಲುತ್ತಿದ್ದ ಹುಡುಗ

(ಎರಡೂ ಮನೆಯವರ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಕಾಸರಗೋಡಿನ ಗಡಿಭಾಗದ ಒಂದು ಕನ್ನಡ ಶಾಲೆ. ಜನವರಿ ತಿಂಗಳು. ಐದನೇ ಕ್ಲಾಸಿನ ಒಬ್ಬ ಹುಡುಗ ದಿನಾ ಮಧ್ಯಾಹ್ನ ಇನ್ನೊಬ್ಬನ ಬಾಟಲಿಯ ನೀರನ್ನು ಅಂಗಳಕ್ಕೆ ಚೆಲ್ಲುತ್ತಿದ್ದ. ಹೊಡೆತವಿಲ್ಲ, ಬೈಗುಳವಿಲ್ಲ. ಸುಮ್ನೆ ನೀರು ಚೆಲ್ಲಿ ಹೋಗುವುದು. ಇಬ್ಬರೂ ಅಣ್ಣ ತಮ್ಮಂದಿರ ಮಕ್ಕಳು, ಒಂದೇ ಇಗರ್ಜಿಗೆ ಹೋಗುವವರು. ಕ್ಲಾಸ್ ಟೀಚರ್ ಹೇಳಿ ಹೇಳಿ ಸಾಕಾಗಿ, ಇಂಥ ಮಕ್ಕಳ ಜೊತೆ ಕೂತು ಮಾತಾಡುವ ನನ್ನ ಹತ್ತಿರ ಕಳಿಸಿದರು.

ಮೊದಲ ದಿನ ನಾನು ತಪ್ಪು ಮಾಡಿದೆ. ಇಬ್ಬರನ್ನೂ ಎದುರು ಕೂರಿಸಿ, "ಕ್ಷಮಿಸಬೇಕು ಅಂತ ಯೇಸುಸ್ವಾಮಿ ಹೇಳಿದ್ದಾರೆ ಅಲ್ವಾ? ಸಾರಿ ಹೇಳಿ, ಕೈ ಕೊಡಿ" ಎಂದೆ. ಕೊಟ್ಟರು. ಮರುದಿನ ಬಾಟಲಿಯೇ ಬಾವಿಗೆ ಬಿತ್ತು.

ಆಮೇಲೆ ಒಬ್ಬೊಬ್ಬನನ್ನೇ ಕರೆದೆ. ಮನೆ, ತೋಟದ ಚಿತ್ರ ಬಿಡಿಸಲು ಹೇಳಿದೆ. ನೀರು ಚೆಲ್ಲುವವನು ಒಂದು ಗುಡ್ಡ ಬಿಡಿಸಿದ. ಗುಡ್ಡದಲ್ಲಿ ಕಪ್ಪು ತೂತು, ಅದರ ಬಾಯಿಗೆ ಅಡ್ಡ ನಿಂತ ಗಂಡಸು.

"ಇದು ಯಾರು?"

"ದೊಡ್ಡಪ್ಪ. ನಮ್ಮ ನೀರು ಕದೀತಾರೆ, ಟೀಚರೇ."

ಆ ಕಪ್ಪು ತೂತು ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಸುರಂಗ. ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡವನ್ನು ಅಡ್ಡಕ್ಕೆ ಕೊರೆದರೆ ಒಳಗಿನ ಒರತೆ ಪಂಪಿನ ಹಂಗಿಲ್ಲದೆ ತಾನೇ ಹರಿದು ಬರುತ್ತದೆ. ಇದನ್ನು ಕೊರೆಸಿದ್ದು ಹುಡುಗರ ಅಜ್ಜ. ಅವರು ಹೋದ ಮೇಲೆ ತೋಟ ಪಾಲಾಯಿತು, ಸುರಂಗ ಪಾಲಾಗಲಿಲ್ಲ. ಬೇಸಿಗೆಯಲ್ಲಿ ನೀರು ಸಣ್ಣದಾಗುತ್ತದೆ, ಅಡಿಕೆಗೆ ನೀರು ಜಾಸ್ತಿ ಬೇಕಾಗುವುದೂ ಆಗಲೇ. ಅಣ್ಣ ತಮ್ಮ ಮಾತು ಬಿಟ್ಟು ಎರಡು ವರ್ಷ. ಏನಾದರೂ ಹೇಳಬೇಕಿದ್ದರೆ ಮಕ್ಕಳ ಕೈಲಿ ಹೇಳಿಸುತ್ತಿದ್ದರು: "ಪೈಪು ಮುಟ್ಟಬಾರದು ಅಂತ ಹೋಗಿ ಹೇಳು ನಿನ್ನ ದೊಡ್ಡಪ್ಪನಿಗೆ." ಹತ್ತು ವರ್ಷದ ಮಗುವಿನ ತಲೆಯ ಮೇಲೆ ಹೊರಿಸುವ ಭಾರವೇ ಇದು?

ಅಪ್ಪಂದಿರನ್ನು ಬೇರೆ ಬೇರೆಯಾಗಿ ಕಂಡೆ. ಎರಡೂ ಮನೆಗಳಲ್ಲಿ ಸಂಜೆಯ ಜಪಸರ ತಪ್ಪುವುದಿಲ್ಲ. ತಮ್ಮ ಹೇಳಿದರು, "ನಾನು ಕ್ಷಮಿಸಿ ಆಯ್ತು. ಆದ್ರೆ ಅವನ ಮುಖ ನೋಡಲಾರೆ." ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯ ತೆರೆದು, ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಸಹೋದರನೊಡನೆ ಒಂದಾಗು ಎನ್ನುವ ಭಾಗ ಓದಲು ಕೊಟ್ಟೆ. ಅಲ್ಲಿ ನಿನಗೆ ಅವನ ಮೇಲೆ ಸಿಟ್ಟಿದ್ದರೆ ಎಂದಿಲ್ಲ. ಅವನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಎಂದಿದೆ. ಅವರು ಎರಡು ಸಲ ಓದಿದರು. 18ನೇ ಅಧ್ಯಾಯದಲ್ಲಿ, ತಪ್ಪು ಮಾಡಿದವನ ಹತ್ತಿರ ನೀನೇ ಹೋಗಿ, ಇಬ್ಬರೇ ಇರುವಾಗ ಹೇಳು ಎಂದಿದೆ. ಮಗನನ್ನು ಕಳಿಸು ಎಂದು ಎಲ್ಲೂ ಇಲ್ಲ.

ನಾನು ಮುಖ್ಯವಾಗಿ ಕೇಳಿಕೊಂಡದ್ದು ಇಷ್ಟು: ಮಕ್ಕಳ ಮೂಲಕ ಮಾತು ಕಳಿಸಬೇಡಿ, ಊಟಕ್ಕೆ ಕೂತಾಗ ಆ ಮನೆಯ ಸುದ್ದಿ ಎತ್ತಬೇಡಿ, ನೀರಿನ ಸರದಿಯನ್ನು ಗಂಟೆ ಲೆಕ್ಕದಲ್ಲಿ ಬರೆದಿಡಿ. "ಪ್ರೀತಿ ಇದ್ದರೆ ಕಾಗದ ಯಾಕೆ?" ಎಂದು ಅಣ್ಣ ಬೇಸರಪಟ್ಟರು. ನನ್ನ ಅನುಭವ ಬೇರೆ. ಏಪ್ರಿಲ್‌ನಲ್ಲಿ ತೋಟ ಒಣಗುವಾಗ ಬರಿ ಪ್ರೀತಿಯ ಮಾತು ಸಾಕಾಗುವುದಿಲ್ಲ. ಇಬ್ಬರಿಗೂ ನ್ಯಾಯ ಅನಿಸುವ ಏರ್ಪಾಡು ಬೇಕು. ಇನ್ನೊಂದು ಮಾತು. ಮನೆಯಲ್ಲಿ ಹೊಡೆತ ಬಡಿತ ಇರುವಲ್ಲಿ ನಾನು "ಕ್ಷಮಿಸಿ, ಸುಧಾರಿಸಿಕೊಳ್ಳಿ" ಎನ್ನುವುದಿಲ್ಲ. ಅಲ್ಲಿ ಮೊದಲು ಮಗುವಿನ ಮೈ ಕಾಯಬೇಕು.

ಹುಡುಗನಿಗೆ ಶಿಕ್ಷೆ ಕೊಡಲಿಲ್ಲ, ದೇವರ ಭಯ ಹುಟ್ಟಿಸಲೂ ಇಲ್ಲ. "ಚೆಲ್ಲಿದ ನೀರಿಗೆ ಏನು ಮಾಡ್ತಿ?" ಎಂದು ಕೇಳಿದೆ. ತುಂಬ ಹೊತ್ತು ಯೋಚಿಸಿ, "ಒಂದು ವಾರ ನಾನೇ ತುಂಬಿಸಿ ಕೊಡ್ತೇನೆ" ಎಂದ. ಇನ್ನೊಬ್ಬ ಎರಡು ದಿನ ಆ ನೀರು ಮುಟ್ಟಲಿಲ್ಲ. ಒತ್ತಾಯ ಮಾಡಬೇಡಿ ಎಂದು ಟೀಚರಿಗೆ ಹೇಳಿದ್ದೆ. ಮೂರನೇ ದಿನ ಕುಡಿದ.

ಅಷ್ಟು ದಿನ ಅವನ ಬಾಯಾರಿಕೆ ತೀರಿಸಿದ್ದು ಯಾರು ಗೊತ್ತಾ? ಪಕ್ಕದಲ್ಲಿ ಕೂರುವ ಬ್ಯಾರಿ ಹುಡುಗ, ಅಂದರೆ ನಮ್ಮ ಕರಾವಳಿಯ ಮುಸ್ಲಿಂ ಮನೆಯವನು. ಯಾರಿಗೂ ಹೇಳದೆ ತನ್ನ ಬಾಟಲಿಯಲ್ಲಿ ಅರ್ಧ ಕೊಡುತ್ತಿದ್ದ. ಚೆಲ್ಲಿದವನನ್ನೂ ಆಟಕ್ಕೆ ಕರೆಯುವುದು ಬಿಟ್ಟಿರಲಿಲ್ಲ. ಒಂದು ಲೋಟ ತಣ್ಣೀರು ಕೊಟ್ಟವನಿಗೂ ಪ್ರತಿಫಲ ತಪ್ಪದು ಎಂದು ಯೇಸು ಹೇಳಿದ ಮಾತನ್ನು ಮಕ್ಕಳಿಗೆ ಕಲಿಸಲು ನನಗೆ ಬೇರೆ ಕಥೆ ಬೇಕಾಗಲಿಲ್ಲ.

ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮಾತೆ ಮರಿಯಳ ಹುಟ್ಟುಹಬ್ಬವೂ ಹೊಸ ತೆನೆಯ ಹಬ್ಬವೂ ಆದ ದಿನಕ್ಕೆ, ಇಗರ್ಜಿಯಿಂದ ಎರಡೂ ಮನೆಯವರು ಭತ್ತದ ತೆನೆ ತಂದರು. ಹೊಸ ಅಕ್ಕಿಯನ್ನು ಅಜ್ಜಿ ಒಂದೇ ಪಾತ್ರೆಯಲ್ಲಿ ಹಾಲಿಗೆ ಹಾಕಿ, ಇಬ್ಬರು ಗಂಡುಮಕ್ಕಳಿಗೂ ತಾವೇ ಬಡಿಸಿದರಂತೆ. ಸೊಸೆಯಂದಿರು ಇನ್ನೂ ಮಾತಾಡುತ್ತಿಲ್ಲ. ಅವರ ನೋವು ನೀರಿನದ್ದು ಮಾತ್ರ ಅಲ್ಲ. ಅದಕ್ಕೆ ಸಮಯ ಬೇಕು, ಅವರನ್ನು ಬೇರೆಯಾಗಿಯೇ ಕೇಳಬೇಕು.

ಸರದಿಯ ಕಾಗದ ಈಗ ಸುರಂಗದ ನೀರು ತುಂಬುವ ತೊಟ್ಟಿಯ ಹತ್ತಿರದ ಪಂಪ್ ಶೆಡ್ಡಿನ ಗೋಡೆಯಲ್ಲಿದೆ. ಫೆಬ್ರವರಿಯಲ್ಲಿ, ನೀರು ಸಣ್ಣದಾಗುವ ಮೊದಲೇ, ಅಣ್ಣ ತಮ್ಮ ಇಬ್ಬರೂ ಒಟ್ಟಿಗೆ ಬಂದು ಕೂರಲು ಒಪ್ಪಿದ್ದಾರೆ.