ಇಟಲಿ ಹಳ್ಳ್ಯಾಗ ಆರು ದಿನ ಏನ್ ಮಾಡಾಣ್ರಿ?

ಪ್ರಶ್ನೆ: ನಮಸ್ಕಾರ್ರಿ ಅಕ್ಕಾರೆ. ನಮ್ಮ ತಮ್ಮ ಮಿಲಾನ್‌ದಾಗ ನೌಕರಿ ಮಾಡ್ತಾನ. ಅಕ್ಟೋಬರ್ ಕೊನಿಗಿ ಅಪ್ಪ ಅವ್ವನ್ನ ಕರ್ಕೊಂಡು ಬಾ ಅಂತ ಸಿಯೆನಾ ಹತ್ರ ಹಳ್ಳ್ಯಾಗ ಒಂದು ತೋಟದ ಮನಿ ಆರು ದಿನಕ್ಕ ಬುಕ್ ಮಾಡ್ಯಾನ. ಅಪ್ಪ ತೊಗರಿ ಬೆಳಿಯೋ ರೈತರು, "ಹಳ್ಳಿ ಬಿಟ್ಟು ಹಳ್ಳಿ ನೋಡ್ಲಾಕ ಅಷ್ಟು ದೂರ ಯಾಕ" ಅಂತಾರ. ಅವ್ವಗ ಊಟದ ಚಿಂತಿ, ನಾವು ಸಸ್ಯಾಹಾರಿಗಳು. ದಿನಾ ಏನ್ ಮಾಡಾಣ್ರಿ?
- ಓದುಗರು, ಜೇವರ್ಗಿ ತಾಲೂಕು, ಕಲಬುರಗಿ

ಉತ್ತರ: ತಂಗಿ, ಅಪ್ಪಾರಿಗಿ ಮೊದ್ಲ ಇದನ್ನ ಹೇಳು, ನೀವು ಹೋಗೋ ಹೊತ್ತಿಗಿ ಅಲ್ಲಿ ಆಲಿವ್ ಸುಗ್ಗಿ ಇರ್ತದ. ಗಿಡದ ಕೆಳಗ ದೊಡ್ಡ ಬಲಿ ಹಾಸಿ, ಹಣಗಿಯಂಥ ಸಾಮಾನಿಲೆ ಟೊಂಗಿ ಬಾಚಿ ಕಾಯಿ ಉದುರಸ್ತಾರ, ಇಟ್ಟಷ್ಟೂ ಎಣ್ಣಿ ಕೆಡ್ತದ ಅಂತ ಅವತ್ತ ಇಲ್ಲಾ ಮರದಿನ ಗಾಣಕ್ಕ ಒಯ್ತಾರ. ಮನಿಯವರನ್ನ ಕೇಳಿ ಒಂದು ಮುಂಜಾನಿ ಬಲಿ ಎಳಿಲಾಕ ನೀವೂ ಕೈ ಹಚ್ರಿ, ಸಂಜಿಗಿ ಗಾಣಕ್ಕೂ ಹೋಗ್ರಿ. ಹೊಸ ಎಣ್ಣಿ ಹಸರ ಇರ್ತದ, ಗಂಟಲಾಗ ಮೆಣಸಿನಂಗ ಚುರ್ ಅಂತದ, ಸುಟ್ಟ ಬ್ರೆಡ್ಡಿಗಿ ಬಳ್ಳೊಳ್ಳಿ ತಿಕ್ಕಿ ಮ್ಯಾಲ ಈ ಎಣ್ಣಿ ಸುರಕೊಂಡು ತಿಂತಾರ, ಫೆತ್ತುಂತಾ ಅಂತಾರ ಇದಕ್ಕ. ಕುಸಬಿ ಎಣ್ಣಿ ಉಂಡು ಬೆಳೆದವರಿಗಿ ಇದರ ರುಚಿ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಗಿಡದಾಗಿನ ಹಸಿ ಕಾಯಿ ಮಾತ್ರ ಬಾಯಾಗ ಹಾಕೋಬ್ಯಾಡ್ರಿ, ಬೇವಿನಂಗ ಕಹಿ.

ತಮ್ಮ ಬುಕ್ ಮಾಡಿದ್ದು ಖರೇನೂ ಅಗ್ರಿತುರಿಸ್ಮೊ, ಅಂದ್ರ ರೈತರು ತಮ್ಮ ತೋಟದಾಗ ಮಂದಿನ್ನ ಇಟ್ಕೊಳ್ಳೋ ಮನಿ, ಹೌದೋ ಅಲ್ಲೋ ಕೇಳ್ಕೊ. ಅದಕ್ಕ ಅಲ್ಲಿ 1985ರಾಗ ಕಾಯ್ದೆ ಬಂತು, 2006ರಾಗ ಹೊಸದು ಮಾಡಿದ್ರು, ಒಕ್ಕಲತನನ ಮುಖ್ಯ ಇರಬೇಕು, ಉಳಕೊಳ್ಳಾಕ ಕೊಡೋದು ಊಟ ಹಾಕೋದು ಅದರ ಜೋಡಿಗಿ. ಬರೇ ಹಳೇ ಮನಿಗಿ ಬಣ್ಣ ಹಚ್ಚಿ ಬಾಡಿಗಿ ಕೊಡೋ ಕಡೆ ಅಪ್ಪಾರಿಗಿ ಮಾತಾಡ್ಲಾಕ ಒಬ್ಬ ರೈತನೂ ಸಿಗಂಗಿಲ್ಲ, ಅದು ನನಗ ಭಾಳ ಅನ್ಯಾಯ ಅನಸ್ತದ.

ಇನ್ನೊಂದು ದಿನ ಸಿಯೆನಾದ ಕ್ರೇತೆ ಸೆನೆಸಿ ಕಡೆ ಹೋಗ್ರಿ. ಹಿಂದ ಸಮುದ್ರದ ತಳ ಇದ್ದ ಬೂದಿಬಣ್ಣದ ಜೇಡಿ ಮಣ್ಣಿನ ಗುಡ್ಡ ಅವು. ಫೋಟೋದಾಗ ಕಾಣೋ ಹಸರು ಅಲ್ಲಿ ಏಪ್ರಿಲ್-ಮೇದಾಗ, ಅಕ್ಟೋಬರ್‌ದಾಗ ಬರೇ ನೇಗಿಲು ಹೊಡದ ಹೊಲ, ಆದ್ರ ಅದನ್ನ ನೋಡಿ ಬ್ಯಾಸರ ಮಾಡ್ಕೋಬ್ಯಾಡ್ರಿ, ನಮ್ಮಲ್ಲಿ ಹಿಂಗಾರಿ ಜ್ವಾಳ ಕಡ್ಲಿ ಬಿತ್ತೋ ಸುಮಾರಿಗೆ ಅಲ್ಲಿ ಗೋಧಿ ಬಿತ್ತತಾರ, ನಮ್ಮ ಎರಿ ಮಣ್ಣು ಮುಟ್ಟಿದ ಕೈಲೆ ಆ ಮಣ್ಣು ಹಿಚುಕಿ ನೋಡ್ಲಿ ಅಪ್ಪಾರು.

ಮಳಿ ಬಂದ ದಿನ ಸುಗ್ಗಿ ನಿಲ್ತದ, ಅವತ್ತು ಅವ್ವನ ಪಾಳಿ. ಪಿಚಿ ಅಂತ ಅಲ್ಲಿ ಹಳ್ಳಿ ಹೆಣ್ಮಕ್ಕಳು ಮಾಡೋದು, ಹಿಟ್ಟು ನೀರು ಕಲಸಿ ಕೈಲೆ ಉದ್ದಕ ಹೊಸಿತಾರ, ಮದುವಿಗಿ ಶಾವಿಗಿ ಗವಲಿ ಪರಡಿ ಹೊಸದ ಅವ್ವಗ ಒಂದು ತಾಸು ಸಾಕು, ಕಲಿಸೋರಿಗಿ ಆಕಿನ ಕಲಿಸ್ತಾಳ. ಆಲ್ಯೋನೆ ಅನ್ನೋ ದೊಡ್ಡ ಬಳ್ಳೊಳ್ಳಿ, ಟೊಮ್ಯಾಟೊ ಹಾಕಿ ಉಣ್ತಾರ, ಅದು ಸಸ್ಯಾಹಾರನ. ಆದ್ರ ಸೂಪಿನಾಗ ಮಾಂಸದ ಸಾರು ಇರಬಹುದು, ಕುರಿ ಹಾಲಿನ ಪೆಕೊರಿನೊ ಚೀಸಿಗಿ ಹಾಲು ಒಡಸ್ಲಾಕ ಕುರಿಮರಿ ಹೊಟ್ಟ್ಯಾಗಿಂದ ತಗದ ರೆನೆಟ್ ಹಾಕೋದು ಉಂಟು, ಮುಂಚೆನ "ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶ್ಶೆ" ಅನ್ರಿ, ಅಂದ್ರ ಮಾಂಸ ಮೀನು ಬ್ಯಾಡ ಅಂತ. ಅಲ್ಲಿ ಬ್ರೆಡ್ಡಿಗಿ ಉಪ್ಪು ಹಾಕಂಗಿಲ್ಲ, ಶೇಂಗಾ ಹಿಂಡಿ ಒಯ್ರಿ. ತುಪ್ಪ ಪೇಢಾ ಬ್ಯಾಡ, ಹೊರಗಿನ ಹಾಲಿನ ಪದಾರ್ಥ ಯುರೋಪಿಗಿ ಬಿಡಂಗಿಲ್ಲ.

ಊರು ನೋಡೋದು ಒಂದ ದಿನ ಸಾಕು. ಪಿಯೆಂಝಾ ಹತ್ರ ಬಾನ್ಯೊ ವಿನ್ಯೋನಿ ಅಂತ ಸಣ್ಣ ಊರು ಅದ, ಊರ ನಡು ಚೌಕದಾಗ ಬಿಸಿನೀರಿನ ಹೊಂಡ, ಅದರಾಗ ಇಳಿಬಾರದು, ಕೆಳಗ ಹರಿಯೋ ನೀರಾಗ ಅವ್ವ ಕಾಲು ಇಟ್ಕೊಂಡು ಕೂಡಲಿ. ಆ ಸೀಮಿ ಎಲ್ಲಾ ವಾಲ್ ದೋರ್ಚಾ, 2004ರಿಂದ ಯುನೆಸ್ಕೊ ಪಟ್ಟಿದಾಗ ಅದ.

ಹಳ್ಳಿ ಬಸ್ ಕಡಿಮಿ, ಭಾನುವಾರ ಇನ್ನೂ ಕಡಿಮಿ, ಕಾರ್ ಬೇಕ ಬೇಕು. ನೀನು ಹೊಡಿಯೋದಿದ್ರ ಇಲ್ಲಿಂದನ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡ್ಸಕೊ. ಹಳೇ ಊರ ಒಳಗ ಝೆಡ್‌ಟಿಎಲ್ ಬೋರ್ಡ್, ಅಂದ್ರ ಪರವಾನಗಿ ಇಲ್ಲದ ಗಾಡಿ ಬಿಡದ ಜಾಗ ಅನ್ನೋ ಬೋರ್ಡ್, ಕಂಡ್ರ ನುಗ್ಗಬ್ಯಾಡ, ಕ್ಯಾಮೆರಾ ಇರ್ತದ, ದಂಡ ಬೀಳ್ತದ. ಬರೋ ಮುಂದ ಎಣ್ಣಿ ಡಬ್ಬಿ ಚೆಕ್-ಇನ್ ಬ್ಯಾಗಿನಾಗ ಇಡ್ರಿ, ಕೈಚೀಲದಾಗ ಇಟ್ರ ಏರ್‌ಪೋರ್ಟಿನಾಗ ಕಸ್ಕೊಬಹುದು.