ಪಿಯೋರಿಯಾದ ಶನಿವಾರದ ತಿಂಡಿಗೆ ಕುಂಬಳಕಾಯಿ ಫ್ರೆಂಚ್ ಟೋಸ್ಟ್

ಅಕ್ಕಾ ಅಂತ ಕರೆದಿದ್ದೀಯಲ್ಲ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ನೀನು ಕೇಳಿದ್ದು ಇಷ್ಟು: ಆಗಸ್ಟ್‌ನಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಪಿಯೋರಿಯಾಗೆ ಬಂದಿದ್ದೀರಿ. ಎದುರು ಮನೆಯವರು ಅಕ್ಟೋಬರ್‌ನ ಒಂದು ಶನಿವಾರ ಬೆಳಗ್ಗೆ ತಿಂಡಿಗೆ ಕರೆದಿದ್ದಾರೆ. ಒಬ್ಬೊಬ್ಬರು ಒಂದೊಂದು ತಿಂಡಿ ತರಬೇಕು, ನಿನ್ನ ಹೆಸರಿನ ಮುಂದೆ ‘ಪಂಪ್ಕಿನ್ ಸ್ಪೈಸ್ ಫ್ರೆಂಚ್ ಟೋಸ್ಟ್’ ಅಂತ ಬರೆದಿದ್ದಾರೆ. ನಿಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ. ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳಲಾ, ಅಥವಾ ಇಲ್ಲಿ ಇರಬೇಕಾದರೆ ಇದನ್ನೆಲ್ಲ ರೂಢಿ ಮಾಡಿಕೊಳ್ಳಲೇಬೇಕಾ?

ನೆಪ ಬೇಡ. ಇವತ್ತೇ ಅವರಿಗೆ ಒಂದು ಮೆಸೇಜ್ ಹಾಕು: ನಾವು ಮೊಟ್ಟೆ ತಿನ್ನುವುದಿಲ್ಲ, ಮೊಟ್ಟೆ ಹಾಕದೆ ಮಾಡಿ ತರುತ್ತೇನೆ ಅಂತ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಮ್ಮ ಕಡೆ ಬೇಡ ಅಂದರೂ ಬಡಿಸುತ್ತಾರೆ, ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ತುಪ್ಪ ಬೀಳುತ್ತದೆ. ಇಲ್ಲಿ ಒಂದು ಸಲ ಕೇಳುತ್ತಾರೆ, ಬೇಡ ಅಂದರೆ ಬಿಟ್ಟುಬಿಡುತ್ತಾರೆ. ಸಂಕೋಚಕ್ಕೆ ‘ನನಗೇನೂ ಬೇಡ’ ಅಂದರೆ ಹಸಿದುಕೊಂಡೇ ಮನೆಗೆ ಬರಬೇಕಾಗುತ್ತದೆ. ಇನ್ನೊಂದು ವಿಷಯ, ಆ ಮೇಜಿನ ಮೇಲೆ ಮಫಿನ್, ಪ್ಯಾನ್‌ಕೇಕ್ ಎಲ್ಲದರಲ್ಲೂ ಮೊಟ್ಟೆ ಇರುತ್ತದೆ. ಹಣ್ಣು, ಕಾಫಿ ಬಿಟ್ಟರೆ ನೀವು ತಿನ್ನುವಂಥದ್ದು ನೀನು ಒಯ್ದ ತಿಂಡಿ ಒಂದೇ ಇರಬಹುದು. ಜಾಸ್ತಿ ಮಾಡು.

ಫ್ರೆಂಚ್ ಟೋಸ್ಟ್ ಅಂದರೆ ಗಾಬರಿ ಬೀಳುವಂಥದ್ದೇನಲ್ಲ. ನಮ್ಮಲ್ಲಿ ಬಾಂಬೆ ಟೋಸ್ಟ್ ಅಂತ ಮಾಡುತ್ತಾರಲ್ಲ, ಅದೇ. ಅದಕ್ಕೆ ಸಿಹಿಗುಂಬಳ ಮತ್ತು ಒಂದು ಮಸಾಲೆ ಸೇರಿಸುತ್ತಾರೆ ಅಷ್ಟೆ. ಕುಂಬಳದ ವಿಷಯದಲ್ಲಿ ನೀನು ಸರಿಯಾದ ಜಾಗಕ್ಕೇ ಬಂದಿದ್ದೀಯ. ನದಿ ದಾಟಿ ಸ್ವಲ್ಪ ದೂರ ಹೋದರೆ ಮಾರ್ಟನ್ ಊರು. ಅಮೆರಿಕದಲ್ಲಿ ಡಬ್ಬಿಗೆ ತುಂಬುವ ಕುಂಬಳದ ಬಹುಪಾಲು ಅಲ್ಲಿನ ಲಿಬ್ಬೀಸ್ ಕಾರ್ಖಾನೆಯಿಂದಲೇ ಬರುತ್ತದೆ. ‘ಜಗತ್ತಿನ ಕುಂಬಳಕಾಯಿ ರಾಜಧಾನಿ’ ಅಂತ ಊರವರೇ ಹೆಸರಿಟ್ಟುಕೊಂಡಿದ್ದಾರೆ, ಸೆಪ್ಟೆಂಬರ್‌ನಲ್ಲಿ ಕುಂಬಳಕಾಯಿ ಜಾತ್ರೆಯೂ ಮಾಡುತ್ತಾರೆ. ಆ ಹೊಲಗಳಲ್ಲಿ ಬೆಳೆಯುವುದು ಡಿಕಿನ್ಸನ್ ಅನ್ನುವ ತಳಿ. ಸಿಪ್ಪೆ ಕಿತ್ತಳೆ ಬಣ್ಣ ಇರುವುದಿಲ್ಲ, ಒಣ ಮಣ್ಣಿನ ಬಣ್ಣ. ಅಂಗಡಿ ಬಾಗಿಲಲ್ಲಿ ರಾಶಿ ಹಾಕಿರುವ ದೊಡ್ಡ ಕಿತ್ತಳೆ ಕಾಯಿ ಹ್ಯಾಲೋವೀನ್‌ಗೆ ಕೆತ್ತುವುದಕ್ಕೆ. ನೀರು ಜಾಸ್ತಿ, ನಾರು ಜಾಸ್ತಿ, ರುಚಿ ಸೊನ್ನೆ. (ಆಯುಧಪೂಜೆಗೆ ಬೂದುಗುಂಬಳ ಸಿಗದಿದ್ದರೆ ಅದೇ ಕಿತ್ತಳೆ ಕಾಯಿಗೆ ಕುಂಕುಮ ಹಾಕಿ ಕಾರಿನ ಮುಂದೆ ಒಡೆಯಬಹುದು. ಒಡೆದ ಮೇಲೆ ಪಾರ್ಕಿಂಗ್ ಜಾಗ ಗುಡಿಸು ಮಾತ್ರ.)

ಆದ್ದರಿಂದ ಡಬ್ಬಿಯದೇ ತಗೋ. 425 ಗ್ರಾಂ ಡಬ್ಬಿ ಒಂದು ಸಾಕು. ಒಂದೇ ಷೆಲ್ಫಿನಲ್ಲಿ ಎರಡು ಥರ ಇಟ್ಟಿರುತ್ತಾರೆ, ಲೇಬಲ್ಲೂ ಹೆಚ್ಚುಕಡಿಮೆ ಒಂದೇ. ‘ಪೈ ಫಿಲ್ಲಿಂಗ್’ ಅಥವಾ ‘ಪೈ ಮಿಕ್ಸ್’ ಅಂತಿದ್ದರೆ ಸಕ್ಕರೆ, ಮಸಾಲೆ ಆಗಲೇ ಹಾಕಿದ್ದಾರೆ ಅಂತ ಅರ್ಥ. ‘100% ಪ್ಯೂರ್ ಪಂಪ್ಕಿನ್’ ಅಂತಿರುವುದು ನಿನಗೆ ಬೇಕಾದದ್ದು.

ಮಸಾಲೆಗೆ ದುಡ್ಡು ದಂಡ ಮಾಡಬೇಡ. ಮೆಕಾರ್ಮಿಕ್ ಕಂಪನಿ 1934ರಿಂದ ಪಂಪ್ಕಿನ್ ಪೈ ಸ್ಪೈಸ್ ಅಂತ ಸಣ್ಣ ಡಬ್ಬಿಯಲ್ಲಿ ಮಾರುತ್ತಿದೆ. ಅದರಲ್ಲಿ ಇರುವುದು ಚಕ್ಕೆ, ಒಣಶುಂಠಿ, ಜಾಯಿಕಾಯಿ, ಆಲ್‌ಸ್ಪೈಸ್ (ಹೆಸರು ಹಾಗಿದ್ದರೂ ಮಿಶ್ರಣವಲ್ಲ, ಒಂದೇ ಮರದ ಒಣಗಿದ ಕಾಯಿ). ಲವಂಗ ಹಾಕುವವರೂ ಇದ್ದಾರೆ. ಮೂರು ಚಮಚ ಚಕ್ಕೆ ಪುಡಿ, ಒಂದು ಚಮಚ ಶುಂಠಿ ಪುಡಿ, ಅರ್ಧ ಚಮಚ ತುರಿದ ಜಾಯಿಕಾಯಿ, ಕಾಲು ಚಮಚ ಲವಂಗದ ಪುಡಿ ಬೆರೆಸಿದರೆ ಆಯಿತು. ಆಲ್‌ಸ್ಪೈಸ್ ಇಲ್ಲದಿದ್ದರೂ ನಡೆಯುತ್ತದೆ. ಲವಂಗದಲ್ಲಿ ಮಾತ್ರ ಕೈ ಹಿಡಿತ ಇರಲಿ, ಜಾಸ್ತಿಯಾದರೆ ಟೂತ್‌ಪೇಸ್ಟ್ ವಾಸನೆ ಬರುತ್ತದೆ. ಊರಿಂದ ತಂದ ಗಟ್ಟಿ ಚಕ್ಕೆಯನ್ನು ಪುಡಿ ಮಾಡಿದರೆ ಜರಡಿ ಹಿಡಿ, ಇಲ್ಲಾಂದ್ರೆ ಹಲ್ಲಿಗೆ ಮರಳು ಸಿಕ್ಕ ಹಾಗೆ ಸಿಗುತ್ತದೆ. 230 ವೋಲ್ಟಿನ ಮಿಕ್ಸಿ ತಂದಿದ್ದರೆ ಅದು ಇಲ್ಲಿನ 120 ವೋಲ್ಟಿಗೆ ಸರಿಯಾಗಿ ಓಡುವುದಿಲ್ಲ, ಪುಡಿಯನ್ನೇ ಕೊಂಡುಬಿಡು. ಅಂದಹಾಗೆ, ಸೆಪ್ಟೆಂಬರ್ ಬಂತೆಂದರೆ ಇಲ್ಲಿ ಕಾಫಿಯಿಂದ ಮೇಣದಬತ್ತಿವರೆಗೆ ಎಲ್ಲದಕ್ಕೂ ಇದೇ ವಾಸನೆ. ಸ್ಟಾರ್‌ಬಕ್ಸ್ 2003ರಲ್ಲಿ ‘ಪಂಪ್ಕಿನ್ ಸ್ಪೈಸ್ ಲಾಟೆ’ ಶುರುಮಾಡಿತು, 2015ರವರೆಗೆ ಅದರಲ್ಲಿ ಕುಂಬಳಕಾಯಿಯೇ ಇರಲಿಲ್ಲ!

ಈಗ ಬ್ರೆಡ್. ಇಲ್ಲೇ ನೀನು ಹುಷಾರಾಗಿರಬೇಕು. ಯಾವ ರೆಸಿಪಿ ನೋಡಿದರೂ ಹಾಲಾ (challah) ಅಥವಾ ಬ್ರಿಯೋಶ್ (brioche) ಅನ್ನುವ ಬ್ರೆಡ್ ತಗೊಳ್ಳಿ ಅನ್ನುತ್ತದೆ. ಎರಡನ್ನೂ ಮೊಟ್ಟೆ ಹಾಕಿಯೇ ಮಾಡುವುದು. ನಮ್ಮ ಅಯ್ಯಂಗಾರ್ ಬೇಕರಿ ಬ್ರೆಡ್ ತಿಂದು ಬೆಳೆದವರಿಗೆ ಬ್ರೆಡ್‌ನಲ್ಲಿ ಮೊಟ್ಟೆ ಇರುತ್ತದೆ ಅಂತ ಹೊಳೆಯುವುದೇ ಇಲ್ಲ, ಅಲ್ವಾ? ಪ್ಯಾಕೆಟ್ ತಿರುಗಿಸಿ, ಪದಾರ್ಥಗಳ ಪಟ್ಟಿಯ ಹತ್ತಿರ ‘ಕಂಟೇನ್ಸ್’ ಅಂತ ಶುರುವಾಗುವ ಸಾಲು ಇದೆಯಾ ನೋಡು. ಗೋಧಿ, ಹಾಲು, ಮೊಟ್ಟೆ ಇದ್ದರೆ ಹೇಳಲೇಬೇಕು ಅಂತ 2006ರಿಂದ ಇಲ್ಲಿ ಕಾನೂನಿದೆ. ಆ ಸಾಲು ಇಲ್ಲದಿದ್ದರೆ ಪಟ್ಟಿಯನ್ನೇ ಪೂರ್ತಿ ಓದು. ಸಾದಾ ಇಟಾಲಿಯನ್ ಬ್ರೆಡ್ ಅಥವಾ ಸಾರ್‌ಡೋ (ಹುಳಿ ಬರಿಸಿದ ಹಿಟ್ಟಿನ ಬ್ರೆಡ್) ಬಹಳಷ್ಟು ಸಲ ಬರೀ ಹಿಟ್ಟು, ನೀರು, ಉಪ್ಪು, ಯೀಸ್ಟ್. ಒಂದು ಬೆರಳು ದಪ್ಪಕ್ಕೆ ಕತ್ತರಿಸಿ ಹಿಂದಿನ ರಾತ್ರಿಯೇ ತಟ್ಟೆಯಲ್ಲಿ ಹರಡಿಡು. ಸ್ವಲ್ಪ ಒಣಗಿದ ಬ್ರೆಡ್ ಹಾಲು ಹೀರುತ್ತದೆ, ತಾಜಾ ಬ್ರೆಡ್ ಕರಗಿ ಕೈಗೇ ಬರುತ್ತದೆ.

ಮೊಟ್ಟೆಯ ಕೆಲಸವನ್ನು ಕಸ್ಟರ್ಡ್ ಪೌಡರ್ ಮಾಡುತ್ತದೆ. ಅದು ಹುಟ್ಟಿದ್ದೇ ಹಾಗೆ: 1837ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಆಲ್ಫ್ರೆಡ್ ಬರ್ಡ್, ಹೆಂಡತಿಗೆ ಮೊಟ್ಟೆ ಆಗುವುದಿಲ್ಲ ಅಂತ ಮೆಕ್ಕೆಜೋಳದ ಪಿಷ್ಟದಿಂದ ಮಾಡಿದ್ದು. ಇಂಡಿಯನ್ ಸ್ಟೋರ್‌ನಲ್ಲಿ ವೆನಿಲ್ಲಾದ್ದು ಸಿಗುತ್ತದೆ. ಎಂಟು ಸ್ಲೈಸಿಗೆ ಒಂದೂವರೆ ಕಪ್ ಹಾಲು, ಅರ್ಧ ಕಪ್ ಕುಂಬಳ, ಮೂರು ದೊಡ್ಡ ಚಮಚ ಕಸ್ಟರ್ಡ್ ಪೌಡರ್, ಎರಡು ದೊಡ್ಡ ಚಮಚ ಬ್ರೌನ್ ಶುಗರ್, ಒಂದು ಚಮಚ ಮಸಾಲೆ, ಚಿಟಿಕೆ ಉಪ್ಪು. ಪೌಡರನ್ನು ಮೊದಲು ಸ್ವಲ್ಪ ತಣ್ಣನೆ ಹಾಲಿನಲ್ಲಿ ಕದಡಿಕೋ, ಬಿಸಿ ಹಾಲಿಗೆ ಹಾಕಿದರೆ ಗಂಟಾಗುತ್ತದೆ. ಪಿಷ್ಟ ತಳಕ್ಕೆ ಕೂರುವುದರಿಂದ ಪ್ರತಿ ಸ್ಲೈಸ್ ಅದ್ದುವ ಮುಂಚೆ ಒಂದು ಸಲ ಕೈಯಾಡಿಸು. ಅದ್ದಿ, ತಿರುಗಿಸಿ, ಎತ್ತಿಬಿಡು. ಮೊಟ್ಟೆ ಹಾಕುವವರು ರಾತ್ರಿಯಿಡೀ ಫ್ರಿಜ್‌ನಲ್ಲಿ ನೆನೆಸಿಟ್ಟು ಬೆಳಗ್ಗೆ ಓವನ್‌ಗೆ ಹಾಕುತ್ತಾರೆ. ಅದನ್ನು ನೋಡಿ ನೀನೂ ಹಾಗೆ ಮಾಡಿದರೆ ಬೆಳಗ್ಗೆ ಎದ್ದಾಗ ಗಂಜಿ.

ಮನೆಗೆ ನಾಲ್ಕು ಜನಕ್ಕಾದರೆ ದೋಸೆ ಕಾವಲಿಯಲ್ಲಿ, ಮಧ್ಯಮ ಉರಿಯಲ್ಲಿ ತುಪ್ಪ ಹಾಕಿ ಬೇಯಿಸು. ಬೆಣ್ಣೆ ಬೇಗ ಸೀಯುತ್ತದೆ, ತುಪ್ಪ ತಡೆದುಕೊಳ್ಳುತ್ತದೆ. ಆದರೆ ಶನಿವಾರಕ್ಕೆ ಇಪ್ಪತ್ತು ಸ್ಲೈಸ್ ಬೇಕು. ಸುಮ್ನೆ ಕಾವಲಿ ಮುಂದೆ ನಿಂತು ಸುಸ್ತಾಗಬೇಡ. ಅಳತೆಯನ್ನು ಎರಡೂವರೆ ಪಟ್ಟು ಮಾಡಿಕೊಂಡು, ತುಪ್ಪ ಸವರಿದ ಟ್ರೇಯಲ್ಲಿ ಜೋಡಿಸಿ, 375 ಡಿಗ್ರಿ ಫ್ಯಾರನ್‌ಹೀಟ್ ಓವನ್‌ನಲ್ಲಿ ಸುಮಾರು 25 ನಿಮಿಷ ಇಡು, ಅರ್ಧದಲ್ಲಿ ತಿರುವಿ ಹಾಕು. ಅಂಚು ಗರಿಯಾಗಿ ಕಂದು ಬಣ್ಣಕ್ಕೆ ಬರಬೇಕು, ನಡುವೆ ಬೆರಳಿಟ್ಟರೆ ಮೆತ್ತಗೆ ಪುಟಿಯಬೇಕು. ಫಾಯಿಲ್‌ನಲ್ಲಿ ಬಿಗಿಯಾಗಿ ಸುತ್ತಬೇಡ, ಹಬೆಗೆ ಮೆದುವಾಗುತ್ತದೆ. ಎದುರು ಮನೆ ತಾನೆ, ಟ್ರೇ ಸಮೇತ ಎತ್ತಿಕೊಂಡು ಹೋಗು. ‘ಎಗ್‌ಲೆಸ್’ ಅಂತ ಒಂದು ಚೀಟಿ ಅಂಟಿಸು. ಮೊಟ್ಟೆ ಆಗದ ಮಕ್ಕಳು ಇಲ್ಲಿ ಬಹಳ, ಆ ತಾಯಂದಿರೇ ನಿನ್ನ ಹತ್ತಿರ ಮೊದಲು ಬಂದು ಮಾತಾಡುತ್ತಾರೆ. ಮೇಲೆ ಪೆಕಾನ್ ಬೀಜ ಉದುರಿಸುವ ಆಸೆ ಇದ್ದರೆ ಬೇರೆ ಬಟ್ಟಲಲ್ಲಿಡು, ಬೀಜ ಆಗದವರೂ ಇರುತ್ತಾರೆ.

ಟೋಸ್ಟ್ ಮೇಲೆ ಸುರಿದುಕೊಳ್ಳುವ ಸಿರಪ್‌ಗೆ ಮಾತ್ರ ಜಿಪುಣತನ ಮಾಡಬೇಡ. ‘ಪ್ಯಾನ್‌ಕೇಕ್ ಸಿರಪ್’ ಅನ್ನುವುದು ಬಣ್ಣ ಹಾಕಿದ ಕಾರ್ನ್ ಸಿರಪ್. ‘ಪ್ಯೂರ್ ಮೇಪಲ್’ ಅಂತಿರಲಿ. ಸುಮಾರು 40 ಗ್ಯಾಲನ್ ಮರದ ರಸ ಕುದಿಸಿದರೆ ಒಂದು ಗ್ಯಾಲನ್ ಬರುತ್ತದೆ, ಅದಕ್ಕೇ ಆ ರೇಟು. ‘ಡಾರ್ಕ್’ ದರ್ಜೆಯದು ಈ ಮಸಾಲೆಗೆ ಚೆನ್ನಾಗಿ ಹೊಂದುತ್ತದೆ.

ಇನ್ನು ರೂಢಿ ಮಾಡಿಕೊಳ್ಳುವ ಮಾತು. ಕರೆದಾಗ ಹೋಗುವುದು, ಹೇಳಿದ ಹೊತ್ತಿಗೆ ಹೋಗುವುದು, ಒಂದು ತಟ್ಟೆ ಹಿಡಿದುಕೊಂಡು ಹೋಗುವುದು, ಇಷ್ಟು ಮಾಡಿಕೋ. ತಿನ್ನುವುದು ಬಿಡುವುದು ನಿನ್ನಿಷ್ಟ. ಡಿಸೆಂಬರ್ ಚಳಿಗೆ ಮುಂಚೆ ಅಕ್ಕಪಕ್ಕದವರ ಪರಿಚಯ ಆಗಿರಲಿ ಅನ್ನುವುದೇ ನನ್ನ ಆಸೆ, ಹಿಮ ಬಿದ್ದ ಮೇಲೆ ಯಾರೂ ಹೊರಗೆ ಬರುವುದಿಲ್ಲ. ಊರಿಗೆ ಫೋನ್ ಮಾಡುವ ಹೊತ್ತೂ ಬದಲಾಗುತ್ತದೆ: ಈಗ ನಿನ್ನ ಬೆಳಗ್ಗೆ ಎಂಟೂವರೆ ಅಂದರೆ ಅಮ್ಮನಿಗೆ ಸಂಜೆ ಏಳು, ನವೆಂಬರ್‌ನ ಮೊದಲ ಭಾನುವಾರದಿಂದ ಎಂಟು.

ಡಬ್ಬಿಯಲ್ಲಿ ಉಳಿದ ಕುಂಬಳವನ್ನು ಗಾಜಿನ ಬಾಟಲಿಗೆ ಹಾಕಿ ಫ್ರಿಜ್‌ನಲ್ಲಿಟ್ಟುಕೋ. ಭಾನುವಾರ ಗೋಧಿ ಹಿಟ್ಟಿಗೆ ಉಪ್ಪು, ಓಂಕಾಳು, ಅಚ್ಚಖಾರದ ಪುಡಿ ಹಾಕಿ ಅದರಲ್ಲೇ ಕಲಸಿದರೆ ಪೂರಿ ಚೆನ್ನಾಗಿ ಬರುತ್ತದೆ, ನೀರು ಹೆಚ್ಚುಕಡಿಮೆ ಬೇಡವೇ ಬೇಡ. ಎಣ್ಣೆ ಇಡುವ ಮುಂಚೆ ಕಿಟಕಿ ತೆಗೆದು ಫ್ಯಾನ್ ಹಾಕು, ಇಲ್ಲಾಂದ್ರೆ ಸ್ಮೋಕ್ ಅಲಾರಂ ಹೊಡೆದುಕೊಂಡು ಇಡೀ ಬಿಲ್ಡಿಂಗ್‌ಗೆ ಪೂರಿ ಮಾಡುತ್ತಿರುವುದು ಗೊತ್ತಾಗುತ್ತದೆ.