ಅಪ್ಪನ ಪಾಸ್‌ಪೋರ್ಟು, ಮಗಳ ಮಣಿಕಟ್ಟು

(ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಮನೆಯವರನ್ನು ಕೇಳಿಯೇ ಬರೆದದ್ದು.)

ಮೈಸೂರಿನಲ್ಲಿ ಬೆಳಗ್ಗೆ ಆರೂವರೆ ಅಂದರೆ ಬೇಸಿಗೆಯಲ್ಲಿ ಟೆಕ್ಸಾಸ್‌ನಲ್ಲಿ ಹಿಂದಿನ ದಿನ ರಾತ್ರಿ ಎಂಟು. ಮಕ್ಕಳ, ಮನೆಯವರ ಕಷ್ಟ ಕೇಳಿ ಸಲಹೆ ಕೊಡುವುದು ನನ್ನ ಕೆಲಸ. ಹಾಗಾಗಿ ಟೆಕ್ಸಾಸ್‌ನ ಈ ಮನೆಯವರ ಜೊತೆ ನನ್ನ ಮಾತುಕತೆಯೆಲ್ಲ ಕಾಫಿ ಲೋಟ ಹಿಡಿದುಕೊಂಡೇ ನಡೆದದ್ದು.

ಹುಡುಗಿಗೆ 15. ಸಿರಿ ಅಂತ ಇಟ್ಟುಕೊಳ್ಳೋಣ. ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ. ಐದನೇ ವಯಸ್ಸಿನಿಂದ ಜಿಮ್ನಾಸ್ಟಿಕ್ಸ್. ಈಗ ಲೆವೆಲ್ 10, ಅಂದರೆ ಅಲ್ಲಿನ ಅತಿ ಮೇಲಿನ ಹಂತವಾದ ಎಲೈಟ್‌ಗೆ ಒಂದು ಮೆಟ್ಟಿಲು ಕೆಳಗೆ. ವಾರಕ್ಕೆ 24 ಗಂಟೆ ಅಭ್ಯಾಸ. ಅಮ್ಮ ದಿನಾ 40 ನಿಮಿಷ ಕಾರು ಓಡಿಸಿಕೊಂಡು ಹೋಗಿ ಬಿಡುತ್ತಾರೆ. ಆಮೇಲೆ ಪಾರ್ಕಿಂಗ್‌ನಲ್ಲೇ ಲ್ಯಾಪ್‌ಟಾಪ್ ತೆಗೆದು ಆಫೀಸ್ ಕೆಲಸ.

ಮೊದಲು ಫೋನ್ ಮಾಡಿದ್ದು ಅಪ್ಪ. "ಮೇಡಂ, ಮಗಳು ಯಾಕೋ ಮಂಕಾಗಿದ್ದಾಳೆ. ಇಂಡಿಯಾಗೆ ಆಡು ಅಂದ್ರೆ ಎದ್ದು ಹೋಗ್ತಾಳೆ. ನೀವು ಸ್ವಲ್ಪ ಒಪ್ಪಿಸಿ."

ಒಪ್ಪಿಸುವುದು ನನ್ನ ಕೆಲಸ ಅಲ್ಲ ಅಂದೆ. ಅಂದೆನೇ ಹೊರತು, ಮೊದಲ ಸಲ ಸಿರಿ ಪರದೆ ಮೇಲೆ ಬಂದಾಗ ನಾನೇ ಕೇಳಿಬಿಟ್ಟೆ: "ಇಂಡಿಯಾಗೆ ಆಡೋಕೆ ಇಷ್ಟ ಇಲ್ವಾ ನಿಂಗೆ?" ಅವಳು ಸುಮ್ಮನಾದಳು. ತಪ್ಪು ನನ್ನದೇ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ದೀಪಾ ಕರ್ಮಾಕರ್ ಪ್ರೊಡುನೋವಾ ಎಂಬ ಕಷ್ಟದ ವಾಲ್ಟ್ (ಓಡಿ ಬಂದು ಮೇಜಿನಂಥ ಸಾಧನದ ಮೇಲೆ ಕೈ ಊರಿ ಹಾರುವ ಪಟ್ಟು) ಮಾಡಿದ ರಾತ್ರಿ ನಾನೂ ಟಿವಿ ಮುಂದೆ ಕೂತವಳು. ಅವರ ಅಂಕ 15.066. ಕಂಚು ತಪ್ಪಿದ್ದು ಬರೀ 0.15ರಲ್ಲಿ. ಆ ಸಂಕಟ ನನ್ನೊಳಗೆ ಇನ್ನೂ ಇತ್ತು. ಅದನ್ನು ಈ ಹುಡುಗಿ ಮೇಲೆ ಹೊರಿಸಲು ನಾನ್ಯಾರು?

ಅಪ್ಪನ ಲೆಕ್ಕ ಸರಳವಾಗಿತ್ತು. ಒಲಿಂಪಿಕ್ಸ್‌ನ ಅಮೆರಿಕ ತಂಡದಲ್ಲಿ ಇರುವುದು ಐದೇ ಜನ. ಸಿರಿಯಂಥವರು ಅಲ್ಲಿ ಊರಿಗೊಬ್ಬರು. ಭಾರತದಿಂದಾದರೆ 2024ರ ಪ್ಯಾರಿಸ್‌ಗೆ ಒಬ್ಬ ಜಿಮ್ನಾಸ್ಟ್ ಕೂಡ ಹೋಗಿರಲಿಲ್ಲ. "2028ರದ್ದು ಲಾಸ್ ಏಂಜಲೀಸ್‌ನಲ್ಲೇ ಮೇಡಂ. ನಮ್ಮ ಕಣ್ಣೆದುರೇ ತಿರಂಗಾ ಹಿಡ್ಕೊಂಡು ಬರ್ತಾಳೆ." ಜೊತೆಗೆ ಕೈಲಿಯಾ ನೆಮೂರ್ ಹೆಸರು. ಫ್ರಾನ್ಸ್‌ನಲ್ಲಿ ಹುಟ್ಟಿದ ಹುಡುಗಿ, ಅಪ್ಪನ ಕಡೆಯ ಅಲ್ಜೀರಿಯಾಗೆ ಬದಲಾಯಿಸಿಕೊಂಡು ಪ್ಯಾರಿಸ್‌ನಲ್ಲೇ ಅನ್‌ಈವನ್ ಬಾರ್ಸ್‌ನಲ್ಲಿ (ಎತ್ತರ ತಗ್ಗಿನ ಎರಡು ಅಡ್ಡ ಸರಳುಗಳ ಸ್ಪರ್ಧೆ) 15.700 ಅಂಕ ಪಡೆದು ಚಿನ್ನ ಗೆದ್ದಳಲ್ಲ, ಆ ಕಥೆ.

ಉದಾಹರಣೆ ಕೊಡುವ ಅಪ್ಪಂದಿರು ಸಾಮಾನ್ಯವಾಗಿ ಅರ್ಧ ಕಥೆಯನ್ನೇ ಹೇಳುತ್ತಾರೆ. ನೆಮೂರ್ ದೇಶ ಬದಲಾಯಿಸಿದರೂ ಜಿಮ್ ಬದಲಾಯಿಸಲಿಲ್ಲ. ಆವೊಯ್ನ್ ಎಂಬ ಪುಟ್ಟ ಊರಿನ ತನ್ನ ಕ್ಲಬ್ಬು, ತನ್ನ ಕೋಚ್‌ಗಳು, ಎಲ್ಲ ಹಾಗೇ ಇದ್ದವು. ಮಂಡಿಯ ಶಸ್ತ್ರಚಿಕಿತ್ಸೆ ಆದಮೇಲೆ ಫ್ರೆಂಚ್ ಫೆಡರೇಷನ್‌ಗೂ ಇವರಿಗೂ ಜಗಳ ಆಗಿತ್ತು. ಇದ್ದ ಜಾಗ ಉಳಿಸಿಕೊಳ್ಳಲು ಅವಳು ಬಾವುಟ ಬದಲಾಯಿಸಿದಳು. ಇನ್ನೊಬ್ಬ ಜಿಮ್ನಾಸ್ಟ್ ಒಕ್ಸಾನಾ ಚುಸೊವಿಟಿನಾ ಉಜ್ಬೇಕಿಸ್ತಾನ ಬಿಟ್ಟು ಜರ್ಮನಿಗೆ ಆಡಿದ್ದೂ ಸುಮ್ನೆ ಅಲ್ಲ. ಮಗನ ರಕ್ತದ ಕ್ಯಾನ್ಸರ್‌ಗೆ ಅಲ್ಲಿ ಚಿಕಿತ್ಸೆ ಕೊಡಿಸಬೇಕಿತ್ತು. 2008ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದಾಗ ಆಕೆಗೆ 33. ಆಮೇಲೆ ಮತ್ತೆ ಉಜ್ಬೇಕಿಸ್ತಾನಕ್ಕೇ ಬಂದರು.

ಸಿರಿಯ ವಿಷಯದಲ್ಲಿ ಎಲ್ಲ ತಲೆಕೆಳಗು. ಕಾನೂನನ್ನೂ ಅಪ್ಪ ಪೂರ್ತಿ ನೋಡಿರಲಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದವರಷ್ಟೇ ದೇಶಕ್ಕೆ ಆಡಬಹುದು ಅನ್ನುವುದು 2008ರಿಂದ ಇರುವ ನೀತಿ. ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಸಾಲದು. ಎರಡು ಪೌರತ್ವ ನಮ್ಮಲ್ಲಿ ಇಲ್ಲ. ಅಪ್ಪ ಅಮ್ಮ ಇಬ್ಬರೂ ಈಗ ಅಮೆರಿಕದ ಪ್ರಜೆಗಳು. ಹಾಗಾಗಿ ಸಿರಿ ಅರ್ಜಿ ಹಾಕಬೇಕಾದರೆ 18 ತುಂಬಿರಬೇಕು, ಅದಕ್ಕೂ ಮೊದಲು ಒಂದು ವರ್ಷ ಭಾರತದಲ್ಲಿ ವಾಸ ಮಾಡಿರಬೇಕು. ಅವಳಿಗೆ 18 ತುಂಬುವುದೇ 2028ರಲ್ಲಿ! ಆಮೇಲೆ ಅಮೆರಿಕದ ಪಾಸ್‌ಪೋರ್ಟ್ ಬಿಟ್ಟರೆ, ತಾನು ಹತ್ತು ವರ್ಷ ಆಡಿದ ಜಿಮ್‌ಗೆ ಹೋಗಲೂ ವೀಸಾ ಕೇಳಬೇಕು. "ವಕೀಲರ ಹತ್ತಿರ ಒಂದ್ಸಲ ಖಾತ್ರಿ ಮಾಡ್ಕೊಳ್ಳಿ" ಅಂತ ಹೇಳಿ ಆ ಮಾತು ಅಲ್ಲಿಗೆ ಬಿಟ್ಟೆ.

ಮೂರನೇ ಭೇಟಿಯಲ್ಲಿ ಸಿರಿ ಒಬ್ಬಳೇ ಇದ್ದಳು. ನಾನು ದೇಶದ ಸುದ್ದಿ ಎತ್ತಲಿಲ್ಲ. ಕೈ ತೋರಿಸು ಅಂದೆ. ಎರಡೂ ಅಂಗೈ ಕ್ಯಾಮೆರಾ ಹತ್ತಿರ ತಂದಳು. ಬೆರಳಿನ ಬುಡದಲ್ಲಿ ಸಾಲಾಗಿ ಹಳದಿ ಜಡ್ಡು. ಒಂದು ಕಡೆ ಚರ್ಮ ಕಿತ್ತು, ಒಳಗಿನ ಕೆಂಪು ಕಾಣುತ್ತಿತ್ತು. ಗೆರೆಗಳ ಸಂದಿಯಲ್ಲಿ ತೊಳೆದರೂ ಹೋಗದ ಚಾಕ್ ಪುಡಿ. "ಇದಕ್ಕೆ ರಿಪ್ ಅಂತಾರೆ ಆಂಟಿ. ಅಜ್ಜಿ ನೋಡಿ, ಒನಕೆ ಹಿಡಿದ ಕೈ ಇದ್ದಂಗಿದೆ ಅಂದ್ರು" ಅಂತ ನಕ್ಕಳು. ನಗುತ್ತಲೇ ಎಡಗೈ ಕೆಳಗಿಳಿಸಿದಳು. ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದಳು.

"ಅಲ್ಲಿ ನೋವಾ?"

ಮೂರು ತಿಂಗಳಿಂದ ಇತ್ತಂತೆ. ಫ್ಲೋರ್ ಮೇಲೆ ಕೈ ಊರಿ ಪಲ್ಟಿ ಹೊಡೆದಾಗ, ವಾಲ್ಟ್‌ನಲ್ಲಿ ಕೈ ತಳ್ಳಿದಾಗ. ಕೋಚ್‌ಗೆ ಹೇಳಿಲ್ಲ, ಅಮ್ಮನಿಗೂ ಹೇಳಿಲ್ಲ. ಯಾಕೆ ಅಂದರೆ, "ಇಲ್ಲಿ ಇನ್ನು ಆಗಲ್ಲ ಅಂತ ಗೊತ್ತಾದ್ರೆ ಅಪ್ಪ ನನ್ನ ಹಾಸನಕ್ಕೆ ಕಳಿಸ್ತಾರೆ. ಅಜ್ಜಿ ಅಂದ್ರೆ ಇಷ್ಟ. ಆದ್ರೆ ನನ್ನ ಬಾರ್ಸ್ ಇಲ್ಲಿದೆ."

ಇಂಡಿಯಾ ಅಂದ ಕೂಡಲೇ ಅವಳು ಎದ್ದು ಹೋಗುತ್ತಿದ್ದದ್ದು ಇದಕ್ಕೆ. ಅಪ್ಪ ಅವಕಾಶ ಅಂತ ಹೇಳುತ್ತಿದ್ದದ್ದು ಅವಳಿಗೆ ಶಿಕ್ಷೆಯ ಹಾಗೆ ಕೇಳುತ್ತಿತ್ತು.

ನೋವಿನ ವಿಷಯವನ್ನು ಗುಟ್ಟಾಗಿ ಇಡಲು ನನ್ನಿಂದ ಆಗದು ಅಂತ ಅವಳಿಗೆ ನೇರವಾಗಿಯೇ ಹೇಳಿದೆ. ಮಕ್ಕಳ ಜೊತೆ ಕೆಲಸ ಮಾಡುವಾಗ ಕೆಲವು ಗುಟ್ಟುಗಳನ್ನು ಕಾಪಾಡಬಾರದು. ಆದರೆ ನೀನೇ ಹೇಳು, ನಾನು ಪಕ್ಕದಲ್ಲಿ ಇರ್ತೀನಿ ಅಂದೆ. ಆ ರಾತ್ರಿಯೇ ಅಮ್ಮನಿಗೆ ಹೇಳಿದಳು. ಅಮ್ಮ ಅತ್ತದ್ದು ನೋವಿಗಲ್ಲ, ದಿನಾ ಬಾಗಿಲ ತನಕ ಬಿಟ್ಟು ಬಂದರೂ ತನಗೆ ಗೊತ್ತಾಗಲಿಲ್ಲವಲ್ಲ ಅಂತ.

ಅಪ್ಪನ ಜೊತೆ ಬೇರೆಯಾಗಿ ಎರಡು ಸಲ ಮಾತಾಡಿದೆ. ಎರಡನೇ ಸಲ ಅವರು ಡ್ರಾಯರ್‌ನಿಂದ ತಮ್ಮ ಹಳೇ ಭಾರತೀಯ ಪಾಸ್‌ಪೋರ್ಟ್ ತೆಗೆದು ತೋರಿಸಿದರು. ರದ್ದು ಮಾಡಿದ ಸೀಲ್ ಹಾಕಿ ವಾಪಸ್ ಕೊಟ್ಟದ್ದು. "ಇದನ್ನ ಕೊಟ್ಟ ದಿನ ಊರಿಗೆ ಫೋನ್ ಮಾಡಿದ್ದೆ ಮೇಡಂ. ನಮ್ಮಪ್ಪ ಮಾತೇ ಆಡಲಿಲ್ಲ." ಅವರ ತಂದೆ ತೀರಿಕೊಂಡು ಈಗ ನಾಲ್ಕು ವರ್ಷ.

ನಾನು ಏನೂ ವಿವರಿಸಲು ಹೋಗಲಿಲ್ಲ. ಅವರೇ ಸ್ವಲ್ಪ ಹೊತ್ತಿಗೆ, "ಅವಳ ಕೈಲಿ ಸಾಲ ತೀರಿಸೋಕೆ ಹೊರಟಿದ್ನಾ?" ಅಂದರು.

ಕೊಟ್ಟ ಸಲಹೆ ದೊಡ್ಡದೇನಲ್ಲ. ಮೊದಲು ಕ್ರೀಡಾ ವೈದ್ಯರು, ಉಳಿದದ್ದೆಲ್ಲ ಆಮೇಲೆ. ಈ ವಯಸ್ಸಿನಲ್ಲಿ ಮಣಿಕಟ್ಟಿನ ಮೂಳೆ ಇನ್ನೂ ಬೆಳೆಯುತ್ತಿರಬಹುದು, ನೋವು ನುಂಗಿ ಆಡಿದರೆ ಆ ಬೆಳವಣಿಗೆಗೇ ಪೆಟ್ಟು. ಎರಡನೆಯದು, ದೇಶ ಬದಲಿಸುವ ಮಾತು 18 ಆಗುವ ತನಕ ಮನೆಯಲ್ಲಿ ಬೇಡ. ಅವಳಾಗಿ ಎತ್ತಿದರೆ ಕೇಳಿಸಿಕೊಳ್ಳಿ. ಅಲ್ಲಿನ ಕಾಲೇಜು ತಂಡಗಳ ದಾರಿಯನ್ನು ಕೋಚ್ ಹತ್ತಿರ ಕೂತು ವಿಚಾರಿಸಿ, ಲೆವೆಲ್ 10 ಹುಡುಗಿಯರಲ್ಲಿ ಎಷ್ಟೋ ಜನ ಹಿಡಿಯುವುದು ಅದನ್ನೇ. ಹಾಸನಕ್ಕೆ ಹೋಗುವುದಾದರೆ ರಜೆಗೆ ಹೋಗಲಿ, ವಾಪಸ್ ಟಿಕೆಟ್ ಅವಳ ಕೈಗೇ ಕೊಟ್ಟು ಕಳಿಸಿ. ಅಪ್ಪನಿಗೆ ಮಾತ್ರ ಇನ್ನೊಂದು ಮಾತು ಹೇಳಿದೆ: ಊರಿನ ಋಣ ನಿಮ್ಮದು, ತೀರಿಸುವ ದಾರಿಯನ್ನೂ ನೀವೇ ಹುಡುಕಿಕೊಳ್ಳಿ.

ವೈದ್ಯರು ಆರು ವಾರ ಕೈ ಮೇಲೆ ಭಾರ ಹಾಕಬೇಡ ಅಂದರು. ಆರು ವಾರ ಬೀಮ್ (ಕಿರಿದಾದ ಉದ್ದನೆ ದಿಮ್ಮಿ) ಮೇಲೆ ನೆಗೆತ, ತಿರುಗು ಅಷ್ಟೇ. ಶನಿವಾರದ ಡ್ರೈವಿಂಗ್ ಈಗ ಅಪ್ಪನದು. ಮೇಲೆ ಗಾಜಿನಾಚೆ ಕೂತು ನೋಡುತ್ತಾರಂತೆ, ಸ್ಕೋರ್ ಕೇಳುವುದಿಲ್ಲವಂತೆ. ಅದರ ಬದಲು ಪ್ರತಿಯೊಂದು ಪಟ್ಟಿನ ಹೆಸರು ಕೇಳುತ್ತಾರೆ. "ಯುರ್ಚೆಂಕೋಗೆ ಯರಚಂಕೋ ಅಂತಾರೆ ಆಂಟಿ, ಫ್ರೆಂಡ್ಸ್ ಮುಂದೆ ಮರ್ಯಾದೆ ಹೋಗುತ್ತೆ" ಅಂತ ಸಿರಿ ಹೋದ ವಾರ ದೂರಿದಳು.